ರಿಟೈರ್ ಆದ್ಮ್ಯಾಲೆ ಕಟ್ಟಿಗೆ ಹಡಗು: ಮೂತಿ ಹತ್ರ ಪಟ್ಟಿ ಏಳ್ತಾವ, ನಡುವ ಸಂದಿ ಬಿಟ್ಟಾವ, ಬಿಚ್ಚಬೇಕೋ ಹಂಗ ಬಿಡಬೇಕೋ?

ಶಕ್ತಿನಗರ ಫಿಟ್ಟರ್, ರಾಯಚೂರು

ಎಲ್ಲಾರಿಗೂ ನಮಸ್ಕಾರ್ರಿ. ನಾ ಥರ್ಮಲ್ ಪ್ಲಾಂಟ್‌ನಾಗ ಮೆಂಟೆನನ್ಸ್ ಫಿಟ್ಟರ್ ಆಗಿ 31 ವರ್ಷ ದುಡ್ದು ಹೋದ ವರ್ಷ ರಿಟೈರ್ ಆದೆ. ಪಂಪು, ವಾಲ್ವು, ಬೇರಿಂಗು ಇದರಾಗೇ ಆಯುಷ್ಯ ಹೋತು. ಮೊದಲ ಎರಡು ತಿಂಗಳು ಆರಾಮ ಅನಿಸ್ತು, ಆಮ್ಯಾಲೆ ಮುಂಜಾನೆ ಐದಕ್ಕ ಎಚ್ಚರ ಆಗ್ತದ, ಶಿಫ್ಟ್ ಇಲ್ಲ, ಕೈ ಸುಮ್ನ ಕೂಡಂಗಿಲ್ಲ. ಇದನ್ನ ನೋಡಿ ಮಗಳು ಮನ್ಯಾಗ ಕೂಡಿಸಿ ಮಾಡೋ ಒಂದು ಕಟ್ಟಿಗೆ ಮಾಡೆಲ್ ಹಡಗಿನ ಕಿಟ್ ತರಿಸಿ ಕೊಟ್ಲು. ಒಂದೇ ಮಾಸ್ಟ್ ಅಂದ್ರ ಹಾಯಿಕಂಬ ಇರೋ ಸಣ್ಣ ಹಡಗು, ಸ್ಕೇಲ್ 1:50, ಅಂದ್ರ ಖರೇ ಹಡಗಿನ ಐವತ್ತರಾಗ ಒಂದು ಪಾಲು.

ಕೀಲ್ ಅಂದ್ರ ಹಡಗಿನ ಬೆನ್ನೆಲುಬು, ಅದನ್ನ ನಿಲ್ಲಿಸಿ ಅದಕ್ಕ ಪಕ್ಕೆಲುಬಿನಂಗ ಬಲ್ಕ್‌ಹೆಡ್ ಕೂಡಿಸಿದೆ, ಅಲ್ಲೀ ತನಕ ಎಲ್ಲಾ ಗುಣಕ್ಕ ಬಂತು, ಟ್ರೈ ಸ್ಕ್ವೇರ್ ಹಿಡಿದು ನೋಡಿದ್ರ ಎಲ್ಲಾ 90 ಡಿಗ್ರಿ. ಮುಂದ ಪಟ್ಟಿ ಅಂಟಿಸೋ ಕೆಲಸ. 5 ಮಿಲಿಮೀಟರ್ ಅಗಲ, 1.5 ದಪ್ಪದ ಪಟ್ಟಿ. ಬಿಸಿ ನೀರಾಗ ಅರ್ಧ ತಾಸು ನೆನಸು ಅಂತ ಪುಸ್ತಕದಾಗ ಬರ್ದಿದ್ರು, ನೆನಸಿ ಮೆತ್ತಗಾದ ಕೂಡ್ಲೇ ತೆಗೆದು ಫೆವಿಕಾಲ್ ಹಚ್ಚಿ ಮ್ಯಾಲಿಂದ ಕೆಳಗ ಒಂದರ ಕೆಳಗ ಒಂದು ಕೂಡಿಸ್ತಾ ಹೋದೆ. ಏಳೆಂಟು ಪಟ್ಟಿ ಛಲೋ ಕೂತ್ವು. ಆಮ್ಯಾಲೆ ಹಡಗಿನ ಮೂತಿ ಹತ್ರ ಪಟ್ಟಿ ಒಂದರ ಮ್ಯಾಲೊಂದು ಏರಾಕ ಶುರುವಾದ್ವು, ಒತ್ತಿ ಹಿಡಿದ್ರ ಅಂಚು ಮ್ಯಾಲೆ ಏಳ್ತದ. ಇದು ಮೇ ತಿಂಗಳ ಕೆಲಸ. ಈಗ ನೋಡಿದ್ರ ನಟ್ಟನಡುವ ಸರಿ ಕೂತಿದ್ವು ಅಂತ ಅನ್ಕೊಂಡಿದ್ನಲ್ಲ ಆ ಪಟ್ಟಿಗಳ ನಡುವನೂ ಸಂದಿ ಬಿಟ್ಟಾವ, ಬೆಳಕು ಕಾಣ್ತದ.

ಒಂದು ಬಾಜು 13 ಪಟ್ಟಿ ಆಗ್ಯಾವ, ಇನ್ನೊಂದು ಬಾಜು ಬರೇ 4. ಪುಟ್ಟಿ ತುಂಬಿ ಸ್ಯಾಂಡ್‌ಪೇಪರ್ ಹೊಡೀಲಾ, ಬಿಚ್ಚಲಾ? ಬಿಚ್ಚಿದ್ರ ಬಲ್ಕ್‌ಹೆಡ್ ಮುರೀತಾವೇನೋ ಅಂತ ಅಂಜಿಕಿ. ತಪ್ಪು ಎಲ್ಲಿ ಆಗೇದ ಅಂತ ತಿಳಿದೋರು ಹೇಳ್ರಿ, ನಾ ಮತ್ತ ಮಾಡಾಕ ತಯಾರದೀನಿ.

ಹೊಳಿದಂಡಿ, ಕಂಪ್ಲಿ

ಸರ್ ಫೋಟೋ ನೋಡ್ದೆ, ನಂದೂ ಮೊದಲನೇ ಹಡಗು ಹಿಂಗೇ ಆಗಿತ್ತು. ಪುಟ್ಟಿ ತುಂಬಬ್ಯಾಡ್ರಿ. ಪುಟ್ಟಿ ಒಳಗಿನ ತಪ್ಪು ಮುಚ್ಚುತ್ತೆ, ಆದ್ರೆ ಅದರ ಮೇಲೆ ಎರಡನೇ ಪದರದ ತೆಳು ಪಟ್ಟಿ ಅಂಟಿಸುವಾಗ ಉಬ್ಬು ತಗ್ಗು ಎಲ್ಲಾ ಎದ್ದು ಕಾಣುತ್ತೆ. ಟೀಚರಮ್ಮ ಬರ್ಲಿ, ಅವರು ಲೆಕ್ಕ ಹೇಳ್ತಾರೆ.

ಗಣಿತದ ಟೀಚರ್, ಬಳ್ಳಾರಿ

ಬಂದೆ ನೋಡ್ರಿ. ನಾನು ಹೈಸ್ಕೂಲಲ್ಲಿ ಗಣಿತ ಹೇಳಿ ರಿಟೈರ್ ಆಗಿ ಆರು ವರ್ಷ ಆಯ್ತು, ಈಗ ನಾಲ್ಕನೇ ಹಡಗಿನ ಮೇಲಿದೀನಿ. ಫಿಟ್ಟರ್ ಸರ್, ನಿಮ್ಮ ಕೈ ತಪ್ಪಿಲ್ಲ, ಪಟ್ಟಿ ಕೂಡಿಸೋಕೆ ಮುಂಚೆ ಮಾಡಬೇಕಿದ್ದ ಒಂದು ಲೆಕ್ಕ ಬಿಟ್ಟು ಹೋಗಿದೆ ಅಷ್ಟೇ, ಕಿಟ್ ಜೊತೆ ಬರೋ ಪುಸ್ತಕಗಳು ಇದನ್ನ ಸರಿಯಾಗಿ ಹೇಳೋದೇ ಇಲ್ಲ ಅನ್ನೋದು ನನಗೆ ಬಹಳ ಬೇಸರದ ವಿಷಯ.

ಹಡಗಿನ ಹೊಟ್ಟೆ ನಟ್ಟನಡುವೆ ದೊಡ್ಡದು, ಮೂತಿ ಹತ್ರ ಸಣ್ಣದು. ಒಂದು ಉದ್ದನೆ ಕಾಗದದ ಪಟ್ಟಿ ತಗೊಂಡು ನಡುವಿನ ಬಲ್ಕ್‌ಹೆಡ್ ಮೇಲೆ ಡೆಕ್ಕಿನ ಅಂಚಿನಿಂದ ಕೀಲ್ ವರೆಗೂ ಸುತ್ತಿ ಗುರುತು ಹಾಕ್ರಿ. ಉದಾಹರಣೆಗೆ 110 ಮಿಲಿಮೀಟರ್ ಬಂತು ಅನ್ಕೊಳ್ಳಿ. ಪಟ್ಟಿ ಅಗಲ 5, ಅಂದ್ರೆ 22 ಪಟ್ಟಿ ಬೇಕು. ಈಗ ಅದೇ ಥರ ಮೂತಿ ಹತ್ರದ ಬಲ್ಕ್‌ಹೆಡ್ ಅಳೀರಿ, ಅಲ್ಲಿ 66 ಬಂತು ಅನ್ಕೊಳ್ಳಿ. ಅದೇ 22 ಪಟ್ಟಿ ಆ 66ರಲ್ಲಿ ಹಿಡೀಬೇಕು, ಅಂದ್ರೆ ಅಲ್ಲಿ ಪ್ರತಿ ಪಟ್ಟಿ 3 ಮಿಲಿಮೀಟರ್‌ಗೆ ಇಳೀಬೇಕು. ನೀವು 5ರ ಪಟ್ಟೀನ 5 ಆಗೇ ಮೂತಿವರೆಗೂ ಒಯ್ದ್ರೆ ಅದಕ್ಕೆ ಜಾಗ ಎಲ್ಲಿಂದ ಬರಬೇಕು, ಅದಕ್ಕೇ ಒಂದರ ಮೇಲೆ ಒಂದು ಏರ್ತಾ ಇದೆ. ಪ್ರತಿ ಬಲ್ಕ್‌ಹೆಡ್‌ಗೂ ಹೀಗೆ ಅಳೆದು ಭಾಗಿಸಿ, ಪೆನ್ಸಿಲ್ ಗುರುತು ಹಾಕಿ, ಪಟ್ಟೀನ ಸ್ಕೇಲ್ ಇಟ್ಟು ಬ್ಲೇಡಿನಿಂದ ಇಳಿಜಾರು ಕತ್ತರಿಸಿ ಅಥವಾ ಸಣ್ಣ ಉಜ್ಜುಗೊರಡಿನಲ್ಲಿ ಇಳಿಸಿ.

ಇಲ್ಲಿ ಒಂದು ಮಿತಿ ಇದೆ. ಪಟ್ಟಿಯ ತುದಿ ಮೂಲ ಅಗಲದ ಅರ್ಧಕ್ಕಿಂತ ಕಡಿಮೆ ಮಾಡಬೇಡಿ, 5ರ ಪಟ್ಟಿ 2.5ಕ್ಕಿಂತ ಇಳಿದ್ರೆ ತುದಿ ಸೀಳುತ್ತೆ, ಮೊಳೆನೂ ನಿಲ್ಲಲ್ಲ. ಅಂಥ ಜಾಗದಲ್ಲಿ ಎರಡು ಪಟ್ಟಿ ಬಂದು ಒಂದೇ ಪಟ್ಟಿಯಾಗಿ ಮುಂದೆ ಹೋಗೋ ಹಾಗೆ ಮಾಡ್ತಾರೆ, ಅದನ್ನ ಡ್ರಾಪ್ ಪ್ಲ್ಯಾಂಕ್ ಅಂತಾರೆ. ಹಿಂಭಾಗದಲ್ಲಿ ಬಹಳ ಸಲ ಇದರ ಉಲ್ಟಾ, ಅಲ್ಲಿ ಸುತ್ತಳತೆ ನಡುವಿಗಿಂತ ಜಾಸ್ತಿ ಇರುತ್ತೆ, ಪಟ್ಟಿ ಸಾಲಲ್ಲ, ಆಗ ಮೂಲೆ ಚೂಪಿರೋ ಸಣ್ಣ ತುಂಡು ಮಧ್ಯ ಸೇರಿಸ್ತಾರೆ, ಅದು ಸ್ಟೀಲರ್. ಇವೆಲ್ಲ ಮಾಡೆಲ್ ಮಾಡೋರು ಕಂಡುಹಿಡಿದ ಉಪಾಯ ಅಲ್ಲ, ನಿಜವಾದ ಹಡಗು ಕಟ್ಟೋ ಬಡಿಗರೇ ಹೀಗೆ ಮಾಡ್ತಿದ್ರು.

ಇನ್ನೊಂದು ಮಾತು, ಒಂದು ಬಾಜು 13 ಇನ್ನೊಂದು ಬಾಜು 4 ಅಂದ್ರಲ್ಲ, ಅದು ನನಗೆ ಪಟ್ಟಿ ಏಳೋದಕ್ಕಿಂತ ಜಾಸ್ತಿ ಚಿಂತೆ. ಎಡಕ್ಕೊಂದು ಹಾಕಿದ್ರೆ ಬಲಕ್ಕೊಂದು ಹಾಕಬೇಕು. ಒಂದೇ ಕಡೆ ಎಳೆತ ಬಿದ್ರೆ ಕೀಲ್ ಬಾಳೆಹಣ್ಣಿನ ಥರ ಬಾಗುತ್ತೆ. ಹಡಗನ್ನ ತಲೆಕೆಳಗೆ ಹಿಡಿದು ಮೂತಿಯಿಂದ ಹಿಂದಕ್ಕೆ ಕಣ್ಣು ಓಡಿಸಿ ನೋಡಿ, ಕೀಲ್ ನೇರ ಇದ್ರೆ ಬಿಚ್ಚಿ ಮತ್ತೆ ಮಾಡೋದು ಸಾರ್ಥಕ.

ಶಕ್ತಿನಗರ ಫಿಟ್ಟರ್, ರಾಯಚೂರು

ಮೇಡಂ ಭಾಳ ಉಪಕಾರ ಆತು. ಕೀಲ್ ನೋಡ್ದೆ, ದಾರ ಎಳೆದು ಹಿಡಿದೆ, ನೇರ ಅದ, ಅರ್ಧ ಮಿಲಿಮೀಟರ್ ಫರಕ್ ಇರಬಹುದು. ಭಾಗಾಕಾರದ ಮಾತು ತಿಳೀತು. ಆದ್ರ ಒಂದು ಪ್ರಶ್ನೆ ಉಳೀತು, ನಡುವಿನ ಜಾಗದಾಗ ಪಟ್ಟಿ ಪೂರ್ತಿ 5 ಅಗಲನೇ ಇರಬೇಕಲ್ಲ, ಅಲ್ಲಿ ಯಾಕ ಸಂದಿ ಬಿಟ್ಟಾವ? ಅಂಟಿಸಿದ ದಿವಸ ಉಗುರು ಸೇರ್ತಿದ್ದಿಲ್ಲ ಅಷ್ಟು ಗಟ್ಟಿ ಕೂತಿದ್ವು.

ಬಡಿಗ್ಯಾರ ಮನಿ, ಕೊಪ್ಪಳ

ಅಣ್ಣಾರ ಅದಕ್ಕ ಉತ್ತರ ನಿಮ್ಮ ವರ್ನಿಯರ್ ಅಳತಿಗೋಲಿನಾಗ ಐತಿ. ಒಣ ಪಟ್ಟಿ ಒಂದು ಅಳೀರಿ, ಅರ್ಧ ತಾಸು ಬಿಸಿ ನೀರಾಗ ಇಟ್ಟು ಮತ್ತ ಅಳೀರಿ. ಕಟ್ಟಿಗಿ ನೀರು ಕುಡಿದ್ರ ಉದ್ದಕ್ಕ ಬೆಳಿಯಂಗಿಲ್ಲ, ಅಡ್ಡಕ್ಕ ಬೆಳೀತದ. ನೀವು ಹಸಿ ಇದ್ದಾಗ ಉಬ್ಬಿದ ಪಟ್ಟಿ ಅಂಟಿಸೀರಿ, ಮೇ ತಿಂಗಳ ರಾಯಚೂರ ಬಿಸಲು ಅಂದ್ರ 40ರ ಮ್ಯಾಲೆ, ಗಾಳ್ಯಾಗ ತೇವ ಅನ್ನೋದು ಇರಂಗಿಲ್ಲ, ಒಂದು ವಾರದಾಗ ಅದು ಸೊರಗಿ ಸಂದಿ ಬಿಟ್ಟೈತಿ. ನಮ್ಮ ಮನ್ಯಾಗ ಬಾಗಲ ಮಾಡಾಗೂ ಇದೇ ಮಾತು ಹೇಳ್ತಿದ್ರು ನಮ್ಮಜ್ಜ, ಹಸಿ ಕಟ್ಟಿಗಿ ಕೂಡಿಸಿದ್ರ ಯಾಸಗಿಗೆ ಬಾಗಲ ಬಾಯಿ ಬಿಡತೈತಿ ಅಂತ. ನೆನಸ್ರಿ, ಬಗ್ಗಿಸ್ರಿ, ಬಟ್ಟಿ ಕ್ಲಿಪ್ ಹಾಕಿ ಅದರ ಜಾಗದಾಗೇ ಒಂದು ರಾತ್ರಿ ಒಣಗಾಕ ಬಿಡ್ರಿ, ಮರುದಿನ ತೆಗೆದು ಆಮ್ಯಾಲೆ ಅಂಟು ಹಚ್ರಿ. ದಿನಕ್ಕ ಎರಡು ಪಟ್ಟಿ ಆದ್ರ ಸಾಕು, ಯಾರೂ ಬೆನ್ನತ್ತಿಲ್ಲ.

ಬಿಚ್ಚೋದು ಹೆಂಗಂದ್ರ, ಮೆಡಿಕಲ್ ಶಾಪ್‌ನಾಗ ಐಸೋಪ್ರೊಪೈಲ್ ಆಲ್ಕೋಹಾಲ್ ಸಿಗತೈತಿ. ಹತ್ತಿ ಅದರಾಗ ಅದ್ದಿ ಪಟ್ಟಿ ಅಂಟಿದ ಜಾಗದ ಮ್ಯಾಲೆ ಇಟ್ಟು ಪ್ಲಾಸ್ಟಿಕ್ ಹಾಳಿ ಸುತ್ರಿ, ಇಪ್ಪತ್ತು ಮೂವತ್ತು ನಿಮಿಷಕ್ಕ ಬಿಳಿ ಅಂಟು ರಬ್ಬರ್ ಆಗತೈತಿ, ತೆಳು ಬ್ಲೇಡ್ ಒಳಗ ಸರಿಸ್ರಿ, ಜಬರದಸ್ತಿ ಎಳೀಬ್ಯಾಡ್ರಿ. ನೀರು ತಡಿಯೋ ಅಂಟು ಹಚ್ಚಿದ್ರ ಇದು ಅಷ್ಟು ಸಲೀಸ ಆಗಂಗಿಲ್ಲ. ಕಿಟಕಿ ತಗದಿರ್ಲಿ, ದೀಪ, ಒಲಿ, ಊದಿನಕಡ್ಡಿ ಹತ್ರ ಇರಬಾರದು, ಭಗ್ ಅಂತ ಹತ್ತತೈತಿ.

ಕಟ್ಟಿಗಿ ಬಗ್ಗೆನೂ ಒಂದೀಟು ಹೇಳ್ತೀನಿ, ಮುಂದ ಯಾರಾರ ಸ್ವಂತ ಮಾಡೋರಿದ್ರ ಉಪಯೋಗ ಆಕ್ಕೈತಿ. ಸಾಗವಾನಿ ತುಂಡು ಪುಕ್ಕಟ ಸಿಗತೈತಿ ಅಂತ ಎಲ್ಲಾರೂ ಅದಕ್ಕ ಕೈ ಹಾಕ್ತಾರ. ಖರೇ ಹಡಗಿಗೆ ಅದರಂಥ ಕಟ್ಟಿಗಿ ಇಲ್ಲ, ಆದ್ರ ಸಣ್ಣ ಮಾಡೆಲ್‌ಗೆ ಅದರ ಎಳಿ ಭಾಳ ದಪ್ಪ ಕಾಣತೈತಿ, 1:50ರಾಗ ಕಟ್ಟಿಗಿ ಮೈಮ್ಯಾಗಿನ ಒಂದು ಸಣ್ಣ ತೂತು ಅಂದ್ರ ಖರೇ ಹಡಗಿನಾಗ ಬೆರಳು ಹೋಗುವಷ್ಟು ತೂತು ಇದ್ದಂಗ. ಮತ್ತ ಅದರಾಗ ಎಣ್ಣಿ ಅಂಶ ಐತಿ, ಅಂಟು ಹಿಡಿಯಂಗಿಲ್ಲ, ಅಂಟಿಸೋ ಮೊದಲ ಅಸಿಟೋನ್‌ನಾಗ ಒರಸಬೇಕು. ಎಳಿ ಸಣ್ಣ ಇರೋದು ಬೇಕಂದ್ರ ಹಾಲಿ ಮರ, ಚನ್ನಪಟ್ಟಣದ ಗೊಂಬಿ ಮಾಡ್ತಾರಲ್ಲ ಅದು, ಬೆಳ್ಳಗ ನುಣುಪಗೆ ಬೆಣ್ಣಿ ಇದ್ದಂಗ ಕೊರೀತದ. ನಮ್ಮ ಕಿನ್ನಾಳದ ಚಿತ್ರಗಾರರು ಪೊಳಕಿ ಅನ್ನೋ ಹಗುರ ಕಟ್ಟಿಗಿ ಬಳಸ್ತಾರ, ಅದು ಪಟ್ಟಿಗೆ ಬರಂಗಿಲ್ಲ, ಆದ್ರ ಪೂರ್ತಿ ಹಡಗಿನ ಹೊಟ್ಟಿ ಒಂದೇ ತುಂಡಿನಾಗ ಕೊರ್ದು ಕಲಿಯಾಕ ಛಲೋ. ಹುಣಸೀ ಬೀಜದ ಅಂಟಿನಾಗ ಕಟ್ಟಿಗಿ ಪುಡಿ, ನಾರಿನ ಪುಡಿ ಕಲಸಿ ಕಿಟ್ಟ ಅಂತ ಮಾಡ್ತಾರ ಅವರು, ಸಂದಿ ತುಂಬಾಕ, ಮೈ ಎತ್ತಾಕ. ಅಂಗಡಿ ಪುಟ್ಟಿಗಿಂತ ಅದು ಕಟ್ಟಿಗಿ ಜೋಡಿ ಚಂದ ಕೂಡತೈತಿ, ನಾ ಬಳಸಿ ನೋಡೇನಿ.

ಭತ್ತದ ನಾಡು, ಸಿಂಧನೂರು

ಎಲ್ಲಾ ಹಿರಿಯರು ಮಾತಾಡ್ಲಿಕ್ಕತ್ತೀರಿ, ನಾ ಸಣ್ಣವ ನಡುವ ಬಾಯಿ ಹಾಕ್ತೀನಿ ಕ್ಷಮಿಸ್ರಿ. ನಮ್ಮಪ್ಪನೂ ಮುಂದಿನ ವರ್ಷ ರಿಟೈರ್, ಅವರಿಗೆ ಇಂಥದ್ದೊಂದು ಕೊಡಿಸಬೇಕಂತ ಓದ್ಲಿಕ್ಕತ್ತಿದ್ದೆ. ಆದ್ರ ಸಿಗೋ ಕಿಟ್ ಎಲ್ಲಾ ಸ್ಪೇನ್, ಇಟಲಿ, ಡೆನ್ಮಾರ್ಕ್‌ದವು, ಹಡಗು ನೋಡಿದ್ರ ಇಂಗ್ಲಿಷರ ಯುದ್ಧದ ಹಡಗು, 104 ತೋಪಿನ ವಿಕ್ಟರಿ. ನಮ್ಮನ್ನ ಆಳಿದವರ ಹಡಗನ್ನ ನಮ್ಮ ಮನಿ ಶೋಕೇಸ್‌ನಾಗ ಯಾಕ ಇಡಬೇಕು ಅಂತ ಮನಸಿಗೆ ಬರ್ತದ. ಸಮುದ್ರ ಕಾಣದ ನಮ್ಮ ಊರಾಗ ಇದು ಹೆಂಗ ನಮ್ಮದಾಗ್ತದ? ತಪ್ಪು ತಿಳೀಬ್ಯಾಡ್ರಿ, ಖರೇನೇ ಕೇಳ್ಲಿಕ್ಕತ್ತೀನಿ.

ಗಣಿತದ ಟೀಚರ್, ಬಳ್ಳಾರಿ

ತಪ್ಪೇನಿಲ್ಲಪ್ಪ, ನನ್ನ ಮಗನೂ ಇದನ್ನೇ ಕೇಳಿದ್ದ. ನನ್ನ ಉತ್ತರ ನನ್ನ ಮೂರನೇ ಹಡಗು. ಟ್ರಿಂಕೋಮಲೀ ಅಂತ ಅದರ ಹೆಸರು, ಬ್ರಿಟಿಷ್ ನೌಕಾಪಡೆಯದ್ದೇ, ಆದ್ರೆ ಕಟ್ಟಿದ್ದು ಬೊಂಬಾಯಿಯಲ್ಲಿ, ಪಾರ್ಸಿ ವಾಡಿಯಾ ಮನೆತನದ ಜಮ್ಶೆಟ್ಜಿ ಬೊಮನ್ಜಿ ವಾಡಿಯಾ ಅವರ ಕೈಕೆಳಗೆ, 1817ರಲ್ಲಿ ನೀರಿಗಿಳೀತು. ಪೂರಾ ನಮ್ಮ ತೇಗ. ಅಲ್ಲಿಯ ಓಕ್ ಮರದ ಹಡಗುಗಳು ಕೊಳೆತು ಹೋದ್ರೂ ಇದು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇವತ್ತೂ ನೀರಿನ ಮೇಲೆ ತೇಲ್ತಾ ನಿಂತಿದೆ, ಬ್ರಿಟನ್ನಿನ ಯುದ್ಧನೌಕೆಗಳಲ್ಲಿ ಇನ್ನೂ ತೇಲೋ ಅತ್ಯಂತ ಹಳೇದು ಇದೇ. ವಿಕ್ಟರಿ ಇದಕ್ಕಿಂತ ಹಳೇದು, 1765ರದ್ದು, ಆದ್ರೆ ಅದು ಪೋರ್ಟ್ಸ್‌ಮತ್‌ನ ಡ್ರೈ ಡಾಕ್‌ನಲ್ಲಿ, ಅಂದ್ರೆ ನೀರಿಲ್ಲದ ಕಟ್ಟೆಯೊಳಗೆ ನಿಂತಿರೋದು. ಅದೇ ವಾಡಿಯಾ ಯಾರ್ಡಿನಲ್ಲಿ 1813ರಲ್ಲಿ ಕಟ್ಟಿದ ಕಾರ್ನ್‌ವಾಲಿಸ್ ಹಡಗಿನ ಮೇಲೇ 1842ರಲ್ಲಿ ಬ್ರಿಟನ್ ಮತ್ತು ಚೀನಾ ನಡುವಿನ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿತ್ತು. ಆಳಿದವರು ಅವರು, ಕಟ್ಟಿದ ಕೈ ನಮ್ಮದು. ಪಟ್ಟಿ ಕೂಡಿಸುವಾಗ ನಾನು ಯೋಚನೆ ಮಾಡ್ತಿದ್ದದ್ದು ಆ ಬಡಿಗರನ್ನ.

ಆದ್ರೂ ಅಪ್ಪಾಜಿಗೆ ಮೊದಲ ಸಲಕ್ಕೆ ತೋಪಿನ ಹಡಗು ಬೇಡವೇ ಬೇಡ, ಅರ್ಧಕ್ಕೆ ಬಿಡ್ತಾರೆ. ಮಾಡೆಲ್ ಶಿಪ್‌ವೇಸ್‌ನವರದ್ದು ಡೋರಿ ಅಂತ ಸಣ್ಣ ಮೀನುಗಾರರ ದೋಣಿ ಇದೆ, 1:24, ಚಪ್ಪಟೆ ತಳ, ಕೆಲವೇ ಪಟ್ಟಿ. ಕೈ ಕೂತ್ಮೇಲೆ ದೊಡ್ಡದು.

ಗಂಗಾವತಿಯವ, ಸದ್ಯ ಕಾರವಾರ

ಸಮುದ್ರ ಇಲ್ಲ ಅನ್ನಬ್ಯಾಡ್ರಿ, ನಮ್ಮ ರಾಜ್ಯದಾಗೇ ಐತಿ. ಕೌಂಡಿನ್ಯ ಅನ್ನೋ ಹಡಗನ್ನ 2025ರ ಮೇ 21ಕ್ಕ ಕಾರವಾರದ ನೌಕಾನೆಲೆಯಾಗೇ ನೌಕಾಪಡೆಗೆ ಸೇರಿಸಿದ್ರು. ಅಜಂತಾದ ಐದನೇ ಶತಮಾನದ ಚಿತ್ರ ನೋಡಿ ಗೋವಾದಾಗ ಕಟ್ಟಿದ್ದು, ಕೇರಳದ ಬಡಿಗರು ಹಲಗಿಗೆ ಹಲಗಿ ತೆಂಗಿನ ನಾರಿನ ಹುರಿಯಿಂದ ಹೊಲದಾರ, ಮೊಳಿ ಹೊಡದಿಲ್ಲ. ನಾ ಅದರ ನಡುವಿನ ಭಾಗ ಅಷ್ಟೇ ಒಂದು ಗೇಣು ಉದ್ದ ಮಾಡಾಕತ್ತೀನಿ. ಅರ್ಧ ಮಿಲಿಮೀಟರ್ ತೂತು ಸಾಲಾಗಿ ಹಾಕಿ ದಾರ ಅಡ್ಡಡ್ಡ ಹಾಯಿಸಿ ಬಿಗಿಯೋದು, ಒಂದು ಹಲಗಿ ಅಂಚಿಗೆ ಮೂರು ದಿನ ಹಿಡೀತು. ಪಟ್ಟಿ ಅಂಚು ಕೂಡಿರದಿದ್ರ ದಾರ ಬಿಗದಂಗ ಅದು ಬಾಗತೈತಿ, ಅಂಟಿನಂಗ ತಪ್ಪು ಮುಚ್ಚಂಗಿಲ್ಲ. ನೋಡಾಕ ಬರೋರಿದ್ರ ಟಾಗೋರ್ ಬೀಚ್‌ನಾಗ ಚಪಲ್ ಯುದ್ಧನೌಕೆ ಮ್ಯೂಸಿಯಂ ಐತಿ, ಅದು ಉಕ್ಕಿಂದು, ಆದ್ರ ಹಡಗಿನ ಮೈಯೊಳಗ ಒಮ್ಮೆ ಇಳಿದು ನೋಡಿದ್ರ ಪಕ್ಕೆಲುಬು ಅಂದ್ರ ಏನಂತ ತಿಳೀತದ.

ಆನೆಗೊಂದಿ ದಂಡಿ, ಕೊಪ್ಪಳ ಜಿಲ್ಲಾ

ಎಲ್ಲಾರೂ ದೂರದ ಹಡಗು ಹೇಳಾಕತ್ತೀರಿ, ನಮ್ಮ ಹರಿಗೋಲು ಯಾಕ ಯಾರೂ ಮಾಡವಲ್ರಿ? ನಮ್ಮ ಮನ್ಯಾಗ ಮೂರು ತಲೆಮಾರು ಹೊಳ್ಯಾಗ ಹುಟ್ಟು ಹಾಕೇವಿ. 1520ರ ಸುಮಾರಿಗೆ ವಿಜಯನಗರಕ್ಕ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಆನೆಗೊಂದಿಗೆ ದಾಟೋದನ್ನ ಬರೆದಾನ, ಬುಟ್ಟಿಯಂಗ ದುಂಡಗಿನ ದೋಣಿ, ಒಳಗ ಬೆತ್ತದಂಥಾದ್ದು, ಹೊರಗ ತೊಗಲು, ಹದಿನೈದು ಇಪ್ಪತ್ತು ಮಂದಿ ಕೂಡ್ತಾರ, ಬೇಕಂದ್ರ ಕುದುರಿ ಎತ್ತು ಸುದ್ದಾ, ನೇರ ಹೋಗದೆ ತಿರುಗಿಕೋತ ಹೋಗ್ತಾವ ಅಂತ. ಐನೂರು ವರ್ಷ ಆತು, ತೊಗಲು ಹೋಗಿ ಪ್ಲಾಸ್ಟಿಕ್ ಚೀಲ ಡಾಂಬರು ಬಂತು, ಬಾಕಿ ಎಲ್ಲಾ ಅದೇ. ಯಾರೋ ಒಬ್ಬರು ನನಗ ಹೇಳಿದ್ರು, ಅದರಾಗೇನೈತಿ ಬುಟ್ಟಿ ಅದು, ಹಡಗಲ್ಲ ಅಂತ. ನನಗ ಭಾಳ ನೋವಾತು. ಅದಕ್ಕ ಕೀಲ್ ಇಲ್ಲ, ಮೂತಿ ಇಲ್ಲ, ಹಿಂದು ಮುಂದು ಇಲ್ಲ, ಬಂಡಿಗಲ್ಲು ತುಂಬಿದ ನಮ್ಮ ಹೊಳ್ಯಾಗ ಕೀಲ್ ಇರೋ ದೋಣಿ ತಂದ್ರ ತಳ ಹರೀತದ. ಇದು ಕಲ್ಲಿಗೆ ತಾಗಿದ್ರ ಬಳಕಿ ಜಾರತೈತಿ. ತಳ ಚಪ್ಪಟ ಇರೋದಕ್ಕ ಮೊಣಕಾಲ ನೀರಾಗೂ ತೇಲತೈತಿ. ನೀರು ಓದಿ ಕಟ್ಟಿದ ದೋಣಿ ಅದು.

ಮಾಡೆಲ್ ಮಾಡಿ ನೋಡ್ರಿ, ಗೊತ್ತಾಕ್ಕೈತಿ. ಎಂಟು ಅಡಿ ಅಗಲದ ಹರಿಗೋಲು 1:10ರಾಗ ಮಾಡಿದ್ರ 24 ಸೆಂಟಿಮೀಟರ್ ಆತು. ಬಿದಿರಿನ ದಬ್ಬಿ 25 ಮಿಲಿಮೀಟರ್ ಅಗಲ ಇದ್ರ ಮಾಡೆಲ್‌ನಾಗ ಎರಡೂವರಿ, ದಪ್ಪ ಅರ್ಧ ಮಿಲಿಮೀಟರ್ ಸುದ್ದಾ ಬರಂಗಿಲ್ಲ. ಮೊದಲ ತಳ ನೆಲದ ಮ್ಯಾಲೆ ಚಪ್ಪಟ ಹೆಣಿಬೇಕು, ಆಮ್ಯಾಲೆ ದಬ್ಬಿ ಎಲ್ಲಾ ಒಂದೇ ಸಲ ಮ್ಯಾಲೆ ಬಗ್ಗಿಸಿ ಬಾಯಿಕಟ್ಟು ಹೆಣಿಯೋದು. ಬಗ್ಗಿಸೋ ಜಾಗದಾಗ ಹಸಿ ಇರಬೇಕು, ಒಣಗಿದ್ರ ಪಟ್ ಅಂತ ಮುರೀತಾವ, ನನ್ನವು ಎರಡು ಸಲ ಹೋದ್ವು. ಬಿದಿರಿನ ಹಸಿರು ಸಿಪ್ಪಿ ಭಾಗ ಬಗ್ಗತೈತಿ, ಒಳಗಿನ ಬಿಳಿ ತಿರುಳು ಬಗ್ಗಂಗಿಲ್ಲ, ಅದನ್ನ ಹೆರದು ತೆಗೀರಿ. ಸಿಂಧನೂರು ತಮ್ಮ, ನಿಮ್ಮ ತಂದೆಯವರಿಗೆ ಇದನ್ನ ಹೇಳು, ಖರ್ಚಂದ್ರ ಒಂದು ಬಿದಿರು.

ಹೊಳಿದಂಡಿ, ಕಂಪ್ಲಿ

ಮನಸು ತುಂಬಿ ಬಂತು ಓದಿ. ನಾವು ಕಂಪ್ಲಿ ಕಡೆ ಸಣ್ಣೋರಿದ್ದಾಗ ಇದರಲ್ಲೇ ದಾಟ್ತಿದ್ವಿ, ನಮ್ಮಮ್ಮ ಹೊಳೆ ನಡುವೆ ಬಂದಾಗ ಗಂಗಮ್ಮನಿಗೆ ಅರಿಶಿನ ಕುಂಕುಮ ಬಿಡ್ತಿದ್ರು. ಒಂದು ಅಳತೆ ನಕ್ಷೆ ಮಾಡಿ ಹಾಕ್ರಿ ತಮ್ಮಾ, ಹತ್ತು ಜನ ಮಾಡ್ತೀವಿ.

ಜೀನ್ಸ್ ಹೊಲಿಗೆ, ಬಳ್ಳಾರಿ

ಅಕ್ಕಂದಿರೇ ಅಣ್ಣಂದಿರೇ, ನಾನು ಮಾಡೆಲ್ ಮಾಡಲ್ಲ, ನಮ್ಮ ಮನೆಯವರು ಮಾಡ್ತಾರೆ, ಹಗ್ಗದ ಕೆಲಸ ಮಾತ್ರ ನಂದು. ನಾನು ಇಪ್ಪತ್ತು ವರ್ಷದಿಂದ ಜೀನ್ಸ್ ಹೊಲಿಯೋಳು, ದಾರದ ವಿಷಯ ಯಾರೂ ಬರೀಲಿಲ್ಲ ಅಂತ ಬರೀತಾ ಇದೀನಿ.

ಜೀನ್ಸಿಗೆ ಮೇಲ್ಹೊಲಿಗೆ ಹಾಕೋ ದಪ್ಪ ದಾರ ನಮ್ಮೂರಲ್ಲಿ ಕೋನ್ ಕೋನ್ ಸಿಗುತ್ತೆ, ಹಡಗಿನವರೆಲ್ಲ ಅದನ್ನೇ ಕೇಳ್ಕೊಂಡು ಬರ್ತಾರೆ. ಪಾಲಿಯೆಸ್ಟರ್ ದಾರದ ಒಳ್ಳೇ ಗುಣ ಅಂದ್ರೆ ಮಳೆಗಾಲದಲ್ಲಿ ಸಡಿಲ ಆಗಲ್ಲ, ಹತ್ತಿ ದಾರ ಹಾಗಲ್ಲ, ತೇವ ಹೀರಿದಾಗ ಒಂದು ಥರ, ಒಣಗಿದಾಗ ಇನ್ನೊಂದು ಥರ, ಬಿಗಿ ಬದಲಾಗುತ್ತೆ. ಕೆಟ್ಟ ಗುಣ ಅಂದ್ರೆ ಹೊಳಪು, ಹಡಗಿನ ಹಗ್ಗ ಹೊಳೀಬಾರದು. ಜೇನುಮೇಣದ ಉಂಡೆ ಮೇಲೆ ಎರಡು ಸಲ ಎಳೀರಿ, ಬೆರಳಲ್ಲಿ ಬಿಸಿ ಆಗೋ ಹಾಗೆ ತೀಡ್ರಿ, ಹೊಳಪು ಸತ್ತು ಎಳೆ ಎಲ್ಲ ಕೂಡುತ್ತೆ. ಹತ್ತಿ ದಾರ ಆದ್ರೆ ದೀಪದ ಮೇಲಿಂದ ಬೇಗ ಹಾಯಿಸಿ ಜುಂಗು ಸುಡಬಹುದು, ಪಾಲಿಯೆಸ್ಟರ್‌ಗೆ ಹಾಗೆ ಮಾಡಿದ್ರೆ ಕರಗಿ ಗಂಟಾಗುತ್ತೆ, ಮಾಡಬೇಡಿ.

ಒಂದೇ ದಾರ ಹಗ್ಗ ಅಂತ ಹಾಕಿದ್ರೆ ಅದು ದಾರದ ಥರನೇ ಕಾಣುತ್ತೆ, ಮೂರು ಎಳೆ ಹೊಸೆದ್ರೇ ಹಗ್ಗ. ನಮ್ಮಪ್ಪ ಪುಂಡಿ ನಾರಿನ ಹಗ್ಗ ಹೊಸೀತಿದ್ರು, ಒಂದು ಕಡೆ ಅವರು ಕೊಕ್ಕೆ ತಿರುಗಿಸ್ತಿದ್ರು, ಇನ್ನೊಂದು ಕಡೆ ನಾನು ಹಿಡ್ಕೊಂಡು ಹಿಂದೆ ಹಿಂದೆ ಹೋಗ್ತಿದ್ದೆ. ಅದನ್ನೇ ಸಣ್ಣದು ಮಾಡ್ಕೊಂಡಿದೀನಿ, ಒಂದು ಹ್ಯಾಂಡ್ ಡ್ರಿಲ್, ಒಂದು ಹಲಗೆಗೆ ಮೂರು ಕೊಕ್ಕೆ. ದಾರ ಯಾವ ಕಡೆ ತಿರುವಿರುತ್ತೋ ಅದರ ಉಲ್ಟಾ ಕಡೆಗೆ ಮೂರನ್ನೂ ಸೇರಿಸಿ ಹೊಸೀಬೇಕು, ಆಗ ಬಿಟ್ರೂ ಬಿಚ್ಚಲ್ಲ. ಒಂದು ಮೀಟರ್ ದಾರ ಹೊಸೆದ್ರೆ ಹಗ್ಗ ಒಂದು ಮೀಟರ್ ಬರಲ್ಲ, ಗಿಡ್ಡ ಆಗುತ್ತೆ, ಜಾಸ್ತಿನೇ ಇಟ್ಕೊಳ್ಳಿ.

ದಾರದ ದಪ್ಪ ಅಳೆಯೋಕೆ ಪೆನ್ಸಿಲ್‌ಗೆ ಒತ್ತೊತ್ತಾಗಿ 20 ಸುತ್ತು ಸುತ್ತಿ ಅಗಲ ಅಳೀರಿ, 8 ಮಿಲಿಮೀಟರ್ ಬಂದ್ರೆ ದಾರ 0.4. ಏಣಿ ಥರ ಅಡ್ಡ ದಾರ ಕಟ್ಟೋದಿದೆಯಲ್ಲ, ರ‍್ಯಾಟ್‌ಲೈನ್, ಅದಕ್ಕೆ ಕ್ಲೋವ್ ಹಿಚ್ ಅಂತ ಗಂಟು, ಗೂಟಕ್ಕೆ ಹಗ್ಗ ಎರಡು ಸುತ್ತು ಹಾಕಿ ಬಿಗಿಯೋ ಥರದ್ದೇ. ಬಿಗಿಯಾಗಿ ಎಳೆದ್ರೆ ಎರಡೂ ಕಡೆ ಹಗ್ಗ ಒಳಗೆ ಸೊಂಟ ಹಿಡಿದ ಹಾಗೆ ಬರುತ್ತೆ, ನಮ್ಮನೆಯವರದ್ದು ಮೊದಲ ಸಲ ಹಾಗೇ ಆಗಿತ್ತು. ಕೂತು ನಿಲ್ಲೋಷ್ಟು ಎಳೀರಿ, ಸಾಕು.

ಗಣಿತದ ಟೀಚರ್, ಬಳ್ಳಾರಿ

ಅದ್ಭುತವಾಗಿ ಬರೆದಿದೀರಮ್ಮ. ಇದಕ್ಕೆ ಒಂದು ಸೇರಿಸ್ತೀನಿ, ಏಕೆಂದ್ರೆ ನಾನು ಇದರಲ್ಲಿ ಎರಡು ತಿಂಗಳು ಕಳ್ಕೊಂಡೆ. ಹಡಗಿನ ಹಗ್ಗಗಳ ಹಳೇ ಇಂಗ್ಲಿಷ್ ಲಿಸ್ಟ್‌ಗಳಲ್ಲಿ 6 ಇಂಚು ಹಗ್ಗ ಅಂತ ಬರೆದಿದ್ರೆ ಅದು ವ್ಯಾಸ ಅಲ್ಲ, ಸುತ್ತಳತೆ. 6ನ್ನ 3.14ರಿಂದ ಭಾಗಿಸಿದ್ರೆ 1.9 ಇಂಚು, ಸುಮಾರು 48 ಮಿಲಿಮೀಟರ್, 1:64 ಮಾಡೆಲ್‌ಗೆ 0.76. ವ್ಯಾಸ ಅಂತ ತಿಳಿದ್ರೆ ಮೂರು ಪಟ್ಟು ದಪ್ಪ ಹಗ್ಗ ಬಂದು ಹಡಗು ಪೂರಾ ಹಾಳು ಕಾಣುತ್ತೆ. ಹಾಗೇ ರ‍್ಯಾಟ್‌ಲೈನ್ ಮೆಟ್ಟಿಲಿನ ಅಂತರ 13ರಿಂದ 15 ಇಂಚು, ಮನುಷ್ಯ ಹತ್ತೋ ಅಂತರ ಅದು, 1:64ರಲ್ಲಿ 5ರಿಂದ 6 ಮಿಲಿಮೀಟರ್. ನಕ್ಷೆ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸುವಾಗಲೂ ಎಚ್ಚರ, ಅವರು ಪೇಪರಿಗೆ ಹೊಂದಿಸೋ ಆಪ್ಷನ್ ಒತ್ತಿಬಿಡ್ತಾರೆ, ನಕ್ಷೆಯಲ್ಲಿರೋ ಸ್ಕೇಲ್ ಬಾರ್ ಮೇಲೆ ಅಳತೆಪಟ್ಟಿ ಇಟ್ಟು ಅಳೆದೇ ದುಡ್ಡು ಕೊಡಿ.

ನರ್ಸಮ್ಮ, ಲಿಂಗಸುಗೂರು

ನಾ ಸ್ಟಾಫ್ ನರ್ಸ್ ಆಗಿ ರಿಟೈರ್ ಆದಾಕಿ, ಕೆಲಸದ ಮಾತು ಎಲ್ಲಾ ಆತು, ನಾ ಮೈ ಮಾತು ಹೇಳ್ತೀನಿ. ಮೋತಿಬಿಂದು ಆಪರೇಷನ್ ಆದೋರು ಡಾಕ್ಟರ್ ಹೇಳೋ ತನಕ ಧೂಳಿನ ಕೆಲಸಕ್ಕ ಕೂಡಬ್ಯಾಡ್ರಿ. ಸ್ಯಾಂಡ್‌ಪೇಪರ್ ಧೂಳು ಎದಿಗೆ ಒಳ್ಳೇದಲ್ಲ, ಮಾಸ್ಕ್ ಹಾಕ್ರಿ, ಫ್ಯಾನ್ ಗಾಳಿ ಧೂಳನ್ನ ನಿಮ್ಮ ಕಡೆ ತರದಂಗ ಕೂಡ್ರಿ. ಕೈ ನಡುಗೋರು ಇದು ನಮ್ಮಿಂದಾಗಂಗಿಲ್ಲ ಅಂತ ಬಿಡಬ್ಯಾಡ್ರಿ, ಮುಂಗೈ ಎರಡೂ ಟೇಬಲ್ ಅಂಚಿಗೆ ಊರಿ, ಚಿಮಟಿ ಹಿಡಿದ ಕೈಗೆ ಇನ್ನೊಂದು ಕೈ ಆಸರ ಕೊಡ್ರಿ, ಭಾಳ ಫರಕ್ ಆಗ್ತದ. ನಲವತ್ತು ನಿಮಿಷಕ್ಕೊಮ್ಮೆ ಎದ್ದು ಅಂಗಳದಾಗ ಅಡ್ಡಾಡ್ರಿ. ಶುಗರ್ ಇರೋರು ಬ್ಲೇಡ್ ತಾಗಿದ್ದು ಸಣ್ಣ ಗಾಯ ಅಂತ ಹಂಗೇ ಬಿಡಬಾರದು. ಸೂಪರ್ ಗ್ಲೂ ಹೊಗಿ ಕಣ್ಣಿಗೆ ಉರಿ ತರ್ತದ, ಮುಖ ಮ್ಯಾಲೆ ಬಗ್ಗಿಸಿಕೊಂಡು ಹಚ್ಚಬ್ಯಾಡ್ರಿ. ನಮ್ಮ ಮನ್ಯಾಗಿನವರು ದಿನಾ ಮುಂಜಾನೆ ಬಿಸಲು ಏರೋಕಿಂತ ಮೊದಲ ಎರಡು ತಾಸು ಕೂಡ್ತಾರ, ಕಿಟಕಿ ಬೆಳಕಿನಾಗ, ಅಷ್ಟೇ. ಆ ಎರಡು ತಾಸು ಅವರ ಮುಖ ನೋಡಿದ್ರ ನನಗ ಸಮಾಧಾನ.

ಶಕ್ತಿನಗರ ಫಿಟ್ಟರ್, ರಾಯಚೂರು

ಮೂರು ವಾರ ಆತು, ಮತ್ತ ಬಂದೆ. ಎಲ್ಲಾರಿಗೂ ಒಂದೊಂದೇ ಹೇಳ್ತೀನಿ.

ಬಡಿಗ್ಯಾರ ಅಣ್ಣಾರ, ವರ್ನಿಯರ್ ಹಿಡಿದು ಅಳೆದೆ. ಒಣ ಪಟ್ಟಿ 5.00, ಅರ್ಧ ತಾಸು ನೆನೆಸಿದ ಮ್ಯಾಲೆ 5.18, ಮರುದಿನ 5.02. ಅಂದ್ರ 20 ಪಟ್ಟಿಗೆ ಮೂರು ಮಿಲಿಮೀಟರ್ ಮ್ಯಾಲೆ ಸೊರಗಿದಂಗಾತು. 31 ವರ್ಷ ಬೇರಿಂಗ್ ಬಿಸಿ ಮಾಡಿ ಉಬ್ಬಿಸಿ ಶಾಫ್ಟ್‌ಗೆ ಕೂಡಿಸಿದವ ನಾ, ಕಬ್ಬಿಣ ಬಿಸಿಗೆ ಹೆಂಗೋ ಕಟ್ಟಿಗೆ ನೀರಿಗೆ ಹಂಗ ಅಂತ ಈಗ ತಿಳೀತು. ಆಲ್ಕೋಹಾಲ್ ಹತ್ತಿ ಇಟ್ಟು 17 ಪಟ್ಟಿನೂ ಬಿಚ್ಚಿದೆ, ನಾಲ್ಕು ದಿನ ಹಿಡೀತು, ಬಲ್ಕ್‌ಹೆಡ್ ಒಂದರ ತುದಿ ಅಷ್ಟೇ ಸೀಳಿತು, ಅದನ್ನ ಅಂಟಿಸೀನಿ. ಬಿಚ್ಚಿದ ಮ್ಯಾಲೆ ಇನ್ನೊಂದು ತಪ್ಪು ಕಂಡೆ, ಬಲ್ಕ್‌ಹೆಡ್ ಅಂಚು ಇಳಿಜಾರು ಮಾಡಿದ್ದಿಲ್ಲ. ಮೂತಿ ಕಡೆ ಪಟ್ಟಿ ಬಗ್ಗಿ ಹೋಗುವಾಗ ಅಂಚಿನ ಒಂದು ಮೂಲಿಗಷ್ಟೇ ತಾಗ್ತಿತ್ತು. ಉದ್ದನೆ ತೆಳು ಪಟ್ಟಿ ಒಂದು ಎಲ್ಲಾ ಬಲ್ಕ್‌ಹೆಡ್ ಮ್ಯಾಲೆ ಹಾಯಿಸಿ ಪೂರಾ ಅಂಚಿಗೆ ಕೂಡೋ ತನಕ ಉಜ್ಜಿದೆ, ಇದಕ್ಕೇ ಐದು ದಿನ.

ಮೇಡಂ, ನಡುವ 105 ಬಂತು, 21 ಪಟ್ಟಿ. ಮೂತಿ ಹತ್ರ 60, ಅಂದ್ರ 2.86, ಅರ್ಧಕ್ಕಿಂತ ಮ್ಯಾಲೇ ಅದ, ಡ್ರಾಪ್ ಬೇಕಾಗಿಲ್ಲ. ಹಿಂದ 112, ಏಳು ಮಿಲಿಮೀಟರ್ ಕಮ್ಮಿ ಬೀಳ್ತದ, ಬಾಜಿಗೆ ಎರಡೆರಡು ಸ್ಟೀಲರ್ ಹಾಕ್ತೀನಿ. ಈಗ ಎಡಕ್ಕ ಆರು ಬಲಕ್ಕ ಆರು ಕೂತಾವ. ದಿನಾ ಸಂಜಿಗೆ ನಾಳಿಗಿನ ಎರಡು ಪಟ್ಟಿ ನೆನಸಿ ಕ್ಲಿಪ್ ಹಾಕಿ ಮಲಗೋದು, ಮುಂಜಾನೆ ಐದಕ್ಕ ಎದ್ದು ಅಂಟು ಹಚ್ಚೋದು. ಮೂತಿ ಹತ್ರ ಬೆರಳು ಆಡಿಸಿದ್ರ ಒಂದೇ ಮೈ ಅನಿಸ್ತದ. ನಮ್ಮಾಕಿಗೆ ಕರೆದು ಮುಟ್ಟಿ ನೋಡು ಅಂದೆ, ಮುಟ್ಟಿ ನೋಡಿ ಹೂಂ ನುಣುಪದ ಅಂದ್ಲು, ನನಗ ಇನ್ನೇನು ಬೇಕ್ರಿ.

ಇನ್ನೊಂದು ಕೆಲಸ ನಾನೇ ಮಾಡೀನಿ. ಖರೇ ಹಡಗಿನಾಗ ಹಲಗಿ ಕೂಡಿಸಾಕ ಕಟ್ಟಿಗೆ ಮೊಳಿ ಹೊಡೀತಿದ್ರಂತ, 32 ಮಿಲಿಮೀಟರ್ ದಪ್ಪ ಅಂದ್ರೂ 1:50ಕ್ಕ 0.64. ಅಷ್ಟು ಸಣ್ಣ ಮೊಳಿ ಬಿದಿರಿಂದ ಮಾಡಬಹುದು. ಒಂದು ಉಕ್ಕಿನ ಪಟ್ಟಿಗೆ 1.5ರಿಂದ ಶುರು ಮಾಡಿ 1.2, 1.0, 0.8, 0.7 ಅಂತ ತೂತು ಹಾಕಿದೆ, ಕಡೀದಕ್ಕ ಪಿಸಿಬಿ ಅಂದ್ರ ಎಲೆಕ್ಟ್ರಾನಿಕ್ಸ್ ಬೋರ್ಡಿಗೆ ತೂತು ಹಾಕೋ ಬಿಟ್. ಬಿದಿರು ಸೀಳಿ ಚೂಪು ಮಾಡಿ ದೊಡ್ಡ ತೂತಿಂದ ಸಣ್ಣ ತೂತಿಗೆ ಇಕ್ಕಳದಿಂದ ಎಳೀತಾ ಬಂದ್ರ ಕಡೀಕ ದಾರದಂಗ ದುಂಡನೆ ಕಡ್ಡಿ ಬರ್ತದ. ಯಾರಿಗೆ ಬೇಕೋ ಹೇಳ್ರಿ, ಈ ಪಟ್ಟಿ ಇನ್ನೂ ನಾಲ್ಕು ಮಾಡಿ ಕೊಡ್ತೀನಿ, ರೊಕ್ಕ ಬ್ಯಾಡ.

ಆನೆಗೊಂದಿ ದಂಡಿ, ಕೊಪ್ಪಳ ಜಿಲ್ಲಾ

ಕಾಕಾ ನನಗೊಂದು ಬೇಕ್ರಿ. ದಬ್ಬಿ ಒಂದೇ ದಪ್ಪ ಬರವಲ್ವು, ತೂತು ದುಂಡಗ ಬ್ಯಾಡ, ಚಪ್ಪಟ ಸಂದಿ ಇರೋದು ಮಾಡಾಕ ಬರತೈತೇನು, ಎರಡೂವರಿ ಅಗಲ, ಅರ್ಧ ಮಿಲಿಮೀಟರ್ ಎತ್ತರ? ಅದಿದ್ರ ಹರಿಗೋಲಿನ ಹೆಣಿಕಿ ಖರೇದರಂಗ ಕೂಡತೈತಿ.

ಶಕ್ತಿನಗರ ಫಿಟ್ಟರ್, ರಾಯಚೂರು

ಬರ್ತದ ತಮ್ಮಾ. ತೂತು ಬ್ಯಾಡ, ಎರಡು ಬ್ಲೇಡ್ ಎದುರಾಬದುರು ಇಟ್ಟು ನಡುವ ಸಂದಿ ಅಳಿಯೋ ಫೀಲರ್ ಗೇಜ್‌ನ ಅರ್ಧ ಮಿಲಿಮೀಟರ್ ಎಲಿ ಹಾಕಿ ಬಿಗಿತೀನಿ, ಆಮ್ಯಾಲೆ ಎಲಿ ತೆಗೆದ್ರ ಆತು, ಬೇಕಾದಂಗ ಹೆಚ್ಚು ಕಮ್ಮಿನೂ ಮಾಡಬಹುದು. ಬರೋ ಐತವಾರ ಮುಂಜಾನಿ ಬಸ್ಸಿಗೆ ಗಂಗಾವತಿಗೆ ಬಂದು ಅಲ್ಲಿಂದ ಆನೆಗೊಂದಿಗೆ ಬರ್ತೀನಿ. ನಿಮ್ಮ ಮನಿ ಹರಿಗೋಲು ದಂಡಿಗೆ ಎತ್ತಿ ಇಟ್ಟಿರು, ಒಳಗ ಹೊರಗ ಎಲ್ಲಾ ಅಳತಿ ತಗೋಬೇಕು, ಕಂಪ್ಲಿ ಸರ್ ಕೇಳಿದ ನಕ್ಷೆ ಅಲ್ಲೇ ಕೂತು ಬರೆಯೋಣು. ಟೇಪು, ಕಾಗದ, ಡ್ರಾಯಿಂಗ್ ಬೋರ್ಡ್ ನಾ ತರ್ತೀನಿ.